ನರಿಯ ನಾಲ್ಕನೇ ಮಾತು

ಕಾಗೆ-ನರಿಯ ಕಥೆ ಹೇಳುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ನರಿ ಮರದ ಬುಡಕ್ಕೆ ಬಂತು, "ಕಾಗಕ್ಕ, ನಿನ್ನ ಸ್ವರ ಎಷ್ಟು ಚಂದ, ಒಂದು ಪದ್ಯ ಹೇಳು" ಅಂದಿತು, ಕಾಗೆ ಬಾಯಿ ತೆರೆಯಿತು, ತಿಂಡಿ ಬಿತ್ತು. ಅರ್ಧ ನಿಮಿಷದಲ್ಲಿ ಕಥೆ ಖಾಲಿ. ಕೇಳಿದ ಮಗು "ಕಾಗೆಗೆ ಅಷ್ಟೂ ಗೊತ್ತಾಗುವುದಿಲ್ಲವಾ?" ಅನ್ನುತ್ತದೆ. ಸರಿಯಾದ ಪ್ರಶ್ನೆ. ಮಲ್ಪೆಯಲ್ಲಿ ಮೀನಿನ ಬುಟ್ಟಿಯ ಸುತ್ತ ಕಾಗೆ ಹೊಂಚು ಹಾಕುವುದನ್ನು ನೋಡಿದವರು ಯಾರೂ ಅದನ್ನು ಪೆದ್ದು ಅನ್ನಲಿಕ್ಕಿಲ್ಲ. ಅದಲ್ಲದೆ ತಿಥಿಯ ದಿನ ಎಡೆ ಇಟ್ಟು, ಕಾಗೆ ಯಾವಾಗ ಮುಟ್ಟುತ್ತದೆ ಎಂದು ಮನೆಮಂದಿಯೆಲ್ಲ ಕಾದು ನಿಲ್ಲುವ ಊರು ನಮ್ಮದು. ಇಲ್ಲಿನ ಕಾಗೆಗೆ ಮರ್ಯಾದೆ ಹೊಸತಲ್ಲ, ಬರೀ ಹೊಗಳಿಕೆಗೆ ಅದು ಬಾಯಿ ಬಿಡುವುದಿಲ್ಲ.

ಹಾಗಾದರೆ ಬಿಟ್ಟದ್ದು ಯಾವುದಕ್ಕೆ? ಈಸೋಪನ ಹೆಸರಿನಲ್ಲಿ ಬಂದ ಈ ಕಥೆಯನ್ನು ಒಂದನೇ ಶತಮಾನದಲ್ಲಿ ಲ್ಯಾಟಿನ್ ಪದ್ಯ ಮಾಡಿದ ಫೀಡ್ರಸ್‌ನಲ್ಲಿ ಉತ್ತರ ಉಂಟು. ಅವನ ಕಾಗೆ ಯಾರದೋ ಕಿಟಕಿಯಿಂದ ಚೀಸ್ ಕದ್ದು ತಂದಿದೆ, ಅಂದರೆ ಅದೂ ಕಳ್ಳನೇ. ಅವನ ನರಿ ಸ್ವರವನ್ನು ಹೊಗಳುವುದೇ ಇಲ್ಲ! ಗರಿಯ ಹೊಳಪು, ಮೈಯ ಅಂದ, ಮುಖದ ಕಳೆ ಎಲ್ಲವನ್ನೂ ಕೊಂಡಾಡಿ, ಕೊನೆಗೆ "ನಿನಗೆ ಸ್ವರ ಒಂದು ಇದ್ದಿದ್ದರೆ ನಿನ್ನನ್ನು ಮೀರಿಸುವ ಹಕ್ಕಿಯೇ ಇರುತ್ತಿರಲಿಲ್ಲ" ಅನ್ನುತ್ತದೆ. ಅದು ಹೊಗಳಿಕೆಯಲ್ಲ, ಚುಚ್ಚು. ಮುಂಚಿನ ಬೆಣ್ಣೆಯೆಲ್ಲ ಈ ಚುಚ್ಚು ನೋಯಲಿ ಎಂದು ಹಚ್ಚಿದ್ದು. ಕಾಗೆ ಬಾಯಿ ತೆರೆಯುವುದು ಉಬ್ಬಿ ಅಲ್ಲ, "ಯಾರು ಹೇಳಿದ್ದು ಇಲ್ಲ ಅಂತ?" ಎಂದು ತೋರಿಸಲಿಕ್ಕೆ.

ಹಾಗಾಗಿ ನರಿಗೆ ನಾಲ್ಕು ಮಾತು ಕೊಡಿ. ಮೊದಲನೆಯದು ಅಪ್ಪಟ ನಿಜವಾಗಿರಬೇಕು: "ಎಂತ ಕಪ್ಪು ಮಾರಾಯ್ತಿ, ಎಣ್ಣೆ ಹಾಕಿ ತಿಕ್ಕಿದ ಹಾಗೆ!" ಇದಕ್ಕೆ ಕಾಡುಕಾಗೆಯೇ ಆಗಬೇಕು. ಮನೆ ಹತ್ತಿರದ ಊರುಕಾಗೆಗೆ ಕುತ್ತಿಗೆ ಬೂದಿ ಬಣ್ಣ, ಮಕ್ಕಳು ಅಲ್ಲೇ ಹಿಡಿಯುತ್ತಾರೆ. ಎರಡನೆಯದು ಹೋಲಿಕೆ: "ನವಿಲಿಗೆ ಗರಿ ಉಂಟು ನಿಜ, ನಿನ್ನಷ್ಟು ದೂರ ಹಾರಲಿಕ್ಕೆ ಆಗುತ್ತದಾ?" ಮೂರನೆಯದು ಬರೀ ಒಂದು "ಪಾಪ". ಅಷ್ಟು ಹೇಳಿ ನರಿ ಹೊರಡಲು ತಿರುಗಬೇಕು. ಇಲ್ಲಿ ಮನಸ್ಸಿನಲ್ಲೇ ಮೂರು ಎಣಿಸಿ, ಮೌನ. ಆಮೇಲೆ ತನಗೇ ಹೇಳಿಕೊಂಡಂತೆ, ದನಿ ಇಳಿಸಿ ನಾಲ್ಕನೆಯದು: "ಸ್ವರ ಒಂದು ಇದ್ದಿದ್ದರೆ..." ವಾಕ್ಯ ಮುಗಿಸಬೇಡಿ.

ಕೆಡುವುದು ಹೆಚ್ಚಾಗಿ ದನಿಯಿಂದ. ನರಿ ಬಂದ ಕೂಡಲೇ ಮೂಗಿನಲ್ಲಿ, ಕಳ್ಳದನಿಯಲ್ಲಿ ಮಾತಾಡಿಸಿದರೆ ಕಾಗೆ ಮೂರ್ಖನಾಗಿಬಿಡುತ್ತದೆ. ತಾಳಮದ್ದಳೆಯಲ್ಲಿ ಶಕುನಿಯ ಅರ್ಥ ಹೇಳುವ ಪಳಗಿದವರನ್ನು ಕೇಳಿ ನೋಡಿ. ಅವರ ಶಕುನಿ ನಿಮ್ಮ ಹಿತೈಷಿಯ ಹಾಗೆಯೇ ಮಾತಾಡುತ್ತಾನೆ. ಬಕೆಟ್ ಹಿಡಿಯುವವನ ಕೈಯಲ್ಲಿ ಬಕೆಟ್ ಕಾಣಬಾರದು.

ಇನ್ನು ಕೊಕ್ಕಿನಲ್ಲಿ ಎಂತ ಇಡುವುದು? ವಡೆ ಬೇಡ. ಕಾಗೆ ವಡೆಯನ್ನು ಕಾಲಡಿ ಒತ್ತಿ ಹಿಡಿದು "ಕಾ" ಅಂದಿತು, ನರಿ ಪೆಚ್ಚಾಯಿತು ಎಂಬ ಕಥೆಯನ್ನು ಮಕ್ಕಳು ಎಲ್ಲೋ ಕೇಳಿರುತ್ತಾರೆ. ಅದು ಸುಳ್ಳೂ ಅಲ್ಲ, ಕಾಗೆ ಕೊಂಬೆಯ ಮೇಲೆ ತಿನಿಸನ್ನು ಕಾಲಲ್ಲಿ ಒತ್ತಿಯೇ ಹರಿಯುವುದು. ಗೋಳಿಬಜೆ ಕೊಡಿ. ನಿಂಬೆ ಗಾತ್ರ, ಉರುಟು, ಮೈಯೆಲ್ಲ ಎಣ್ಣೆ, ಕೊಂಬೆಯ ಮೇಲೆ ಇಟ್ಟರೆ ಉರುಳುತ್ತದೆ. ಕಾಗೆಗೆ ಕೊಕ್ಕು ಬಿಟ್ಟರೆ ಬೇರೆ ಗತಿ ಇಲ್ಲ. ಬೇಕಿದ್ದರೆ ಮಕ್ಕಳ ತುಟಿಗಳ ನಡುವೆ ಒಂದೊಂದು ಬಾಳೆಕಾಯಿ ಚಿಪ್ಸ್ ಇಟ್ಟು, ಬೀಳಿಸದೆ "ಕಾ" ಅನ್ನಿ ಎನ್ನಿ. "ಕ್" ವರೆಗೆ ಹೇಗೋ ಬರುತ್ತದೆ, ದೀರ್ಘಕ್ಕೆ ಬಾಯಿ ಅಗಲಿಸಿದಾಗ ಚಿಪ್ಸ್ ಕೆಳಗೆ.

ಗೋಳಿಬಜೆ ಬಿದ್ದ ಮೇಲೆ ನರಿಯಿಂದ ಉಪದೇಶ ಮಾಡಿಸುವ ಚಟ ಹಳೆಯದು. 1668ರಲ್ಲಿ ಫ್ರೆಂಚಿಗೆ ತಂದ ಲಾ ಫೊಂಟೇನ್‌ನ ನರಿಯೂ ಕಾಗೆಗೆ ಪಾಠ ಹೇಳಿಯೇ ಹೋಗುತ್ತದೆ. ಫೀಡ್ರಸ್‌ನ ನರಿ ಗಬಕ್ಕನೆ ಕಚ್ಚುತ್ತದೆ, ಅಷ್ಟೆ. ಅದೇ ಒಳ್ಳೆಯದು, ಯಾಕೆಂದರೆ ಈಗ ನರಿಯ ಬಾಯಿ ತುಂಬಿದೆ. ನೀವು ಸುಮ್ಮನಿದ್ದರೆ ಯಾರಾದರೂ ಒಂದು ಮಗು ಕೇಳಿಯೇ ಕೇಳುತ್ತದೆ: "ಈಗ ಕಾಗೆ ನರಿಯನ್ನು ಹೊಗಳಿದರೆ?"

ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ಜಾತಕ ಕಥೆಗಳಲ್ಲಿ ಅದೂ ಉಂಟು. 294ನೆಯದರಲ್ಲಿ ನೇರಳೆ ಹಣ್ಣಿನ ಆಸೆಗೆ ನರಿ ಕಾಗೆಯನ್ನು ಹೊಗಳುತ್ತದೆ, ಕಾಗೆಯೂ ತಿರುಗಿ ಹೊಗಳಿ ಹಣ್ಣು ಉದುರಿಸುತ್ತದೆ, ಕೊನೆಗೆ ಮರದ ದೇವತೆ ಇಬ್ಬರನ್ನೂ ಓಡಿಸುತ್ತದೆ. 295ರಲ್ಲಿ ಸತ್ತ ಎತ್ತನ್ನು ತಿನ್ನುತ್ತಿರುವುದು ನರಿ, ಮರದಲ್ಲಿ ಕೂತು ಬೆಣ್ಣೆ ಹಚ್ಚುವುದು ಕಾಗೆ. ಆ ಮಗುವನ್ನೇ ಎಬ್ಬಿಸಿ ಕಾಗೆ ಮಾಡಿ. ನಾಲ್ಕು ಮಾತು ಅದೇ ಹುಡುಕಲಿ: ಮೊದಲನೆಯದು ನಿಜ, ಕೊನೆಯದು ಅರ್ಧ.