ದುಡ್ಡು ಕೊಟ್ಟರೆ ಹೇಳಿದ ಹಾಗೆಲ್ಲಾ ಮಾಡಿಕೊಡ್ತೀರಾ?

ಊರಿಗೆ ಬಂದಾಗಲೆಲ್ಲಾ ಮಲ್ಪೆ ದಕ್ಕೆಯಲ್ಲಿ ಯಾರಾದರೊಬ್ಬರು ಕೇಳುತ್ತಾರೆ. ಮದುವೆ ಊಟಕ್ಕೆ ಕೂತರೆ ಪಕ್ಕದ ಎಲೆಯವರು ಕೇಳುತ್ತಾರೆ. ‘ಅಲ್ಲ ಮಾರಾಯ, ಆ ಕೋಟಿಗಟ್ಟಲೆ ಬೆಲೆಯ ಯಾಟ್ ಮಾಡಿಸ್ತಾರಲ್ಲ, ದುಡ್ಡು ಕೊಟ್ರೆ ಅವರು ಹೇಳಿದ ಹಾಗೆಲ್ಲಾ ಮಾಡಿಕೊಡ್ತೀರಾ?’

ನಾನು ನೆದರ್‌ಲೆಂಡ್ಸ್‌ನಲ್ಲಿ ಯಾಟ್ ಕಟ್ಟುವ ಒಂದು ಯಾರ್ಡ್‌ನಲ್ಲಿ ಕಮಿಷನಿಂಗ್ ಎಂಜಿನಿಯರ್. ಕೇಳಿದವರಿಗೆ ನಿಂತಲ್ಲೇ ಎರಡು ಮಾತು ಹೇಳಿ ಮುಗಿಸುತ್ತೇನೆ. ಆಮೇಲೆ ಸರಿಯಾಗಿ ಹೇಳಲಿಲ್ಲ ಅನ್ನಿಸುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೌದು, ಮಾಡಿಕೊಡುತ್ತೇವೆ. ಆದರೆ ಹೇಳುವ ಹೊತ್ತಿಗೆ ಹೇಳಬೇಕು. ಸಮುದ್ರವೂ ಒಪ್ಪಬೇಕು.

ಮೊದಲು ಒಂದು ವಿಷಯ. ಎಲ್ಲಾ ಹೊಸ ಯಾಟ್‌ಗಳೂ ಒಂದೇ ರೀತಿ ಹುಟ್ಟುವುದಿಲ್ಲ. ಚಿಕ್ಕವನ್ನು ಕಾರಿನ ಹಾಗೆ ಅಚ್ಚಿನಲ್ಲಿ ತೆಗೆಯುತ್ತಾರೆ. ಬಣ್ಣ, ಸೋಫಾ ಬಟ್ಟೆ, ಮರ ಇಷ್ಟು ನೀವು ಆರಿಸಬಹುದು. ಅದಕ್ಕಿಂತ ಮೇಲೆ ಸೆಮಿ ಕಸ್ಟಮ್. ಒಡಲು, ಎಂಜಿನ್ ರೂಮು ಮೊದಲೇ ತೀರ್ಮಾನ ಆಗಿರುತ್ತವೆ, ಒಳಗಿನದು ನಿಮ್ಮದು. ಡಾಮೆನ್ ಅನ್ನೋ ಡಚ್ ಹಡಗು ಕಂಪನಿಯವರ ಅಮೆಲ್ಸ್ ಯಾಟ್‌ಗಳು ಹೀಗೆ. ಓಸ್ ಊರಿನ ಹೀಸೆನ್ ಯಾರ್ಡ್‌ನವರು ಗಿರಾಕಿ ಸಿಗುವ ಮೊದಲೇ ಕಟ್ಟಲು ಶುರು ಮಾಡುವುದೂ ಉಂಟು. ಅರ್ಧ ಆದ ಮೇಲೆ ಕೊಂಡವರಿಗೆ ಬೇಗ ಕೈಗೆ ಬರುತ್ತದೆ, ಆದರೆ ಆರಿಸಿಕೊಳ್ಳಲು ಉಳಿದಿರುವುದು ಕಡಿಮೆ. ಕೊನೆಯದು ಪೂರಾ ಕಸ್ಟಮ್. ಖಾಲಿ ಹಾಳೆಯಿಂದ ಶುರು. ಕೈಗೆ ಬರಲು ಮೂರು ನಾಲ್ಕು ವರ್ಷ ಬೇಕು. ನಾನು ಹೇಳುವುದು ಈ ಮೂರನೆಯದರ ಕಥೆ.

ಹಾಳೆ ಖಾಲಿ ಅಂದೆ, ಆದರೆ ಅದರ ಮೇಲೆ ಒಂದೆರಡು ಗೆರೆ ಮೊದಲೇ ಬಿದ್ದಿರುತ್ತವೆ. 12ಕ್ಕಿಂತ ಜಾಸ್ತಿ ಪ್ರಯಾಣಿಕರನ್ನು ಹತ್ತಿಸಿಕೊಂಡರೆ ಅದು ಪ್ಯಾಸೆಂಜರ್ ಹಡಗು ಆಗುತ್ತದೆ, ಬೇರೆಯದೇ ಕಾನೂನು ಹಿಡಿಯುತ್ತದೆ. ಹಾಗಾಗಿ ಎಷ್ಟೋ ದೊಡ್ಡ ಯಾಟ್‌ಗಳಲ್ಲೂ ಅತಿಥಿಗಳು ಹನ್ನೆರಡೇ ಜನ. ಇನ್ನೊಂದು ಗೆರೆ 500 ಗ್ರಾಸ್ ಟನ್. ಹೆಸರಲ್ಲಿ ಟನ್ ಇದ್ದರೂ ಇದು ತೂಕ ಅಲ್ಲ. ಒಳಗಿನ ಒಟ್ಟು ಜಾಗದ ಅಳತೆ. 500 ಮುಟ್ಟಿದರೆ ನಿಯಮಗಳೂ ಜಾಸ್ತಿ, ಖರ್ಚೂ ಜಾಸ್ತಿ. 499ಕ್ಕೆ ನಿಲ್ಲಿಸಿದ 50 ಮೀಟರ್ ಆಸುಪಾಸಿನ ಯಾಟ್‌ಗಳು ಅಷ್ಟೊಂದು ಕಾಣಿಸುವುದು ಇದಕ್ಕೇ. ಅಂಥದ್ದೊಂದು ಯಾಟ್‌ನಲ್ಲಿ ಓನರ್ ‘ಮೇಲಿನ ಡೆಕ್‌ನ ಊಟದ ಜಾಗಕ್ಕೆ ಸುತ್ತ ಗಾಜು ಹಾಕಿಬಿಡಿ’ ಅಂದರೆ ಕೇಳಲು ಸಣ್ಣ ಮಾತು. ಮುಚ್ಚಿದ ಜಾಗ ಆಯಿತು ಅಂದರೆ ಅಳತೆಯೊಳಗೆ ಬಂತು. 499 ಹೋಗಿ 510 ಆಯಿತು. ಹಡಗಿನ ಜಾತಿಯೇ ಬದಲಾಯಿತು.

ಡಚ್ಚರಿಗೆ ಇನ್ನೂ ಒಂದು ಗೆರೆ ಉಂಟು, ಸೇತುವೆ. ಇಲ್ಲಿ ಎಷ್ಟೋ ಯಾರ್ಡ್‌ಗಳು ಸಮುದ್ರದ ದಡದಲ್ಲಿಲ್ಲ. ಒಳನಾಡಿನಲ್ಲಿ, ಹುಲ್ಲುಗಾವಲಿನ ನಡುವೆ ಇವೆ. 2021ರಲ್ಲಿ ಫೀಡ್‌ಶಿಪ್ ಅನ್ನೋ ಡಚ್ ಯಾಟ್ ಕಂಪನಿಯವರ 94 ಮೀಟರ್ ಉದ್ದದ ವಿವಾ ಯಾಟ್, ಒಳನಾಡಿನ ಕಾಗ್ ಊರಿನ ಕಡೆಯಿಂದ ಕಾಲುವೆಗಳಲ್ಲೇ ಸಮುದ್ರದತ್ತ ಹೋಯಿತು. ಮನೆಗಳ ಹಿತ್ತಿಲಲ್ಲೇ ಹಾದು ಹೋಗುವ ಆ ಫೋಟೋಗಳನ್ನು ನೀವೂ ನೋಡಿರಬಹುದು. ಹಾಗಾಗಿ ಎಷ್ಟು ಅಗಲ, ಎಷ್ಟು ಎತ್ತರ ಅನ್ನೋದನ್ನು ದಾರಿಯ ಲಾಕ್‌ಗಳು (ಹಡಗು ದಾಟಿಸಲು ನೀರಿನ ಮಟ್ಟ ಏರಿಸಿ ಇಳಿಸುವ ಗೇಟುಕಟ್ಟೆಗಳು), ಸೇತುವೆಗಳೂ ತೀರ್ಮಾನಿಸುತ್ತವೆ.

ಈಗ ಹೊಸ್ತಿಲಿನ ಕಥೆ ಹೇಳುತ್ತೇನೆ. ನನಗೆ ತುಂಬಾ ಇಷ್ಟದ್ದು.

ಒಬ್ಬರು ಓನರ್. ಹೆಸರು ಬೇಡ. ಮೊದಲ ಮೀಟಿಂಗ್‌ಗೆ ಬಂದವರು ಮಾರ್ಬಲ್, ಈಜುಕೊಳ, ಹೆಲಿಕಾಪ್ಟರ್ ಯಾವುದನ್ನೂ ಎತ್ತಲಿಲ್ಲ. ‘ನನ್ನ ಅಮ್ಮ ವೀಲ್‌ಚೇರ್‌ನಲ್ಲಿ ಇರ್ತಾರೆ. ಅವರು ಮಲಗುವ ಕೋಣೆಯಿಂದ ಹಿಂದಿನ ಡೆಕ್‌ವರೆಗೆ ಯಾರೂ ಎತ್ತದೆ ಹೋಗಬೇಕು. ಉಳಿದದ್ದು ಆಮೇಲೆ ಮಾತಾಡೋಣ’ ಅಂದರು.

ಕೇಳಿದರೆ ಇದೇನು ಮಹಾ ಅನ್ನಿಸುತ್ತದೆ ಅಲ್ವಾ? ಆದರೆ ಹಡಗಿನಲ್ಲಿ ಹೊರಗೆ ತೆರೆಯುವ ಪ್ರತಿ ಬಾಗಿಲಿಗೂ ಹೊಸ್ತಿಲು ಇರಲೇಬೇಕು. ಅಲೆ ಡೆಕ್ ಮೇಲೆ ಹತ್ತಿದರೆ ನೀರು ಒಳಗೆ ನುಗ್ಗಬಾರದು. ಬಾಗಿಲು ಎಲ್ಲಿದೆ ಅನ್ನೋದನ್ನು ನೋಡಿ ಆ ಹೊಸ್ತಿಲು 15 ಸೆಂಟಿಮೀಟರ್ ಇರಬಹುದು, 60 ಸೆಂಟಿಮೀಟರ್ ಕೂಡ ಇರಬಹುದು. ನಮ್ಮ ಟ್ರಾಲ್ ಬೋಟಿನ ಕ್ಯಾಬಿನ್‌ಗೆ ಕಾಲೆತ್ತಿ ದಾಟಿ ಒಳಗೆ ಹೋದವರಿಗೆ ಇದು ಗೊತ್ತು. ಈ ನಿಯಮ ಯಾರದೋ ಹಟಕ್ಕೆ ಬಂದದ್ದಲ್ಲ. ಎಷ್ಟೋ ಜನ ಮುಳುಗಿದ ಮೇಲೆ ಬಂದದ್ದು.

ಕ್ಲಾಸ್ ಸೊಸೈಟಿ ಅಂತ ಇರುತ್ತದೆ. ಲಾಯ್ಡ್ಸ್ ರಿಜಿಸ್ಟರ್, ಬ್ಯೂರೋ ವೆರಿಟಾಸ್, ರೀನಾ ಇಂಥವು. ಹಡಗು ಗಟ್ಟಿಯಾಗಿದೆಯಾ ಅಂತ ಅವರು ನೋಡುತ್ತಾರೆ. ಅದರ ಮೇಲೆ ಬಾವುಟದ ದೇಶ. ಮಾಲ್ಟಾವೋ ಕೇಮನ್ ದ್ವೀಪಗಳೋ, ಎಲ್ಲಿ ರಿಜಿಸ್ಟರ್ ಮಾಡುತ್ತಾರೋ ಅವರು. ಇಬ್ಬರೂ ಒಪ್ಪದೆ ಹೊಸ್ತಿಲಿನ ಒಂದು ಸೆಂಟಿಮೀಟರ್ ಕೂಡ ಇಳಿಸಲಾಗದು. ದುಡ್ಡು ಎಷ್ಟೇ ಇರಲಿ.

ನಮ್ಮ ಡಿಸೈನ್ ಆಫೀಸಿನವರು ತಿಂಗಳುಗಟ್ಟಲೆ ಕೂತರು. ಕೊನೆಗೆ ಹೊಳೆದದ್ದು ಇದು. ಬಾಗಿಲಿನ ಮುಂದೆ ಡೆಕ್ಕನ್ನೇ ತಗ್ಗಿಸಿ ಆಳವಾದ ಒಂದು ಕಾಲುವೆ ಮಾಡುವುದು. ಮೇಲೆ ಜಾಲರಿ ಹಾಕುವುದು, ವೀಲ್‌ಚೇರ್ ಅದರ ಮೇಲೆ ಸಲೀಸಾಗಿ ಉರುಳಬೇಕು. ನೀರು ಬಂದರೆ ಕಾಲುವೆಗೆ ಬಿದ್ದು ದಪ್ಪ ಪೈಪಿನಲ್ಲಿ ಹೊರಗೆ ಹೋಗಬೇಕು. ಜೊತೆಗೆ ತೆಗೆದು ಹಾಕಬಹುದಾದ ಒಂದು ಹೊಸ್ತಿಲು. ಬಂದರಿನಲ್ಲಿದ್ದಾಗ ತೆಗೆದಿಡುವುದು, ಸಮುದ್ರಕ್ಕೆ ಹೊರಡುವಾಗ ಕೂರಿಸಿ ಬೋಲ್ಟ್ ಬಿಗಿಯುವುದು.

ಕಾಗದದ ಮೇಲೆ ಸುಲಭ. ಆದರೆ ಡೆಕ್ ತಗ್ಗಿಸಿದರೆ ಅದರ ಕೆಳಗಿನ ಕೋಣೆಯ ಸೀಲಿಂಗ್ ತಗ್ಗುತ್ತದೆ. ಆ ಸೀಲಿಂಗ್ ಒಳಗೆ ಎಸಿ ಡಕ್ಟ್, ಕೇಬಲ್ ಟ್ರೇ, ಬೆಂಕಿ ಆರಿಸುವ ನೀರಿನ ಪೈಪು ಎಲ್ಲಾ ಓಡುತ್ತಿರುತ್ತವೆ. ಅವೆಲ್ಲಾ ಪಕ್ಕಕ್ಕೆ ಸರಿಯಬೇಕು. ಸರಿದವು. ಯಾಕೆಂದರೆ ಅವರು ಕೇಳಿದ್ದು ಒಂದು ಉಕ್ಕಿನ ತಗಡೂ ಕತ್ತರಿಸುವ ಮೊದಲು. ಆಗ ಎಲ್ಲವೂ ಕಂಪ್ಯೂಟರ್ ಪರದೆಯ ಮೇಲಿನ ಗೆರೆಗಳು ಮಾತ್ರ. ಗೆರೆ ಸರಿಸಲು ಸಮಯ ಹಿಡಿದೀತು, ಒಡೆಯುವಂಥದ್ದು ಏನೂ ಇರುವುದಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಡುತ್ತೇನೆ. ಬೇರೆ ಯಾಟ್, ಬೇರೆ ಓನರ್. ಹಡಗು ನೀರಿಗಿಳಿಯಲು ಎಂಟು ತಿಂಗಳಿತ್ತು. ಅವರು ಎಲ್ಲೋ ಹೋಟೆಲಿನಲ್ಲಿ ಇಡೀ ಕಲ್ಲಿನಲ್ಲಿ ಕೆತ್ತಿದ ಬಾತ್‌ಟಬ್ ನೋಡಿ ಬಂದರು. ಅಂಥದ್ದೇ ಒಂದು ಮೇಲಿನ ಡೆಕ್‌ನ ತಮ್ಮ ಕೋಣೆಗೆ ಬೇಕು ಅಂದರು. ಹೊಸ್ತಿಲಿಗೆ ಹೋಲಿಸಿದರೆ ಇದು ಎಷ್ಟೋ ಸುಲಭದ ಆಸೆ. ಟಬ್ ಸಿದ್ಧ ಇದೆ, ದುಡ್ಡು ಇದೆ. ಆದರೂ ಆಗಲಿಲ್ಲ.

ಯಾಕೆ ಅಂತ ಹೇಳಬೇಕಾದರೆ ತೂಕದ ವಿಷಯಕ್ಕೆ ಬರಬೇಕು. ಇಂಥ ದೊಡ್ಡ ಯಾಟ್‌ನ ಕೆಳಗಿನ ಒಡಲು ಹೆಚ್ಚಾಗಿ ಉಕ್ಕು. ಮೇಲಿನ ಮಹಡಿಗಳು ಸಾಮಾನ್ಯವಾಗಿ ಅಲ್ಯೂಮಿನಿಯಂ. ಮೇಲೆ ಭಾರ ಏರಿದಷ್ಟೂ ಹಡಗು ಓಲಾಡುತ್ತದೆ, ಅದಕ್ಕೆ ಹಗುರ ಲೋಹ. ಉಕ್ಕು, ಅಲ್ಯೂಮಿನಿಯಂ ಎರಡನ್ನೂ ನೇರ ವೆಲ್ಡ್ ಮಾಡಲಾಗದು. ನಡುವೆ ಎರಡೂ ಲೋಹಗಳನ್ನು ಸ್ಫೋಟದ ಒತ್ತಡದಲ್ಲಿ ಬೆಸೆದು ತಯಾರಿಸಿದ ಒಂದು ಪಟ್ಟಿ ಇಡುತ್ತಾರೆ. ಇಷ್ಟೆಲ್ಲಾ ಒದ್ದಾಡಿ ಮೇಲಿನ ತೂಕ ಇಳಿಸಿದ ಮೇಲೆ ಅಲ್ಲಿಗೇ ಕಲ್ಲು ಏರಿಸಿದರೆ ಹೇಗೆ? ಯಾಟ್‌ನಲ್ಲಿ ಕಾಣುವ ಮಾರ್ಬಲ್ ಕೂಡ ನಿಮ್ಮ ಮನೆಯ ಮಾರ್ಬಲ್ ಅಲ್ಲ. ಎರಡು ಸೆಂಟಿಮೀಟರ್ ದಪ್ಪದ ಕಲ್ಲು ಒಂದು ಚದರ ಮೀಟರಿಗೆ ಸುಮಾರು 54 ಕಿಲೋ ತೂಗುತ್ತದೆ. ನಾವು ಅದನ್ನು ನಾಲ್ಕು ಮಿಲಿಮೀಟರಿಗೆ ಸೀಳಿಸಿ, ಹಿಂದೆ ಜೇನುಗೂಡಿನ ಥರದ ಅಲ್ಯೂಮಿನಿಯಂ ಹಲಗೆ ಅಂಟಿಸುತ್ತೇವೆ. ಕಲ್ಲಿನ ತೂಕ 11 ಕಿಲೋಗೆ ಇಳಿಯುತ್ತದೆ. ಬೆರಳಿನಲ್ಲಿ ತಟ್ಟಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಕಾಂಟ್ರಾಕ್ಟ್ ಸಹಿ ಆದ ಮೇಲೆ ಏನೇ ಬದಲಾವಣೆ ಕೇಳಿದರೂ ಒಂದು ಹಾಳೆ ಬರುತ್ತದೆ. ಅದರಲ್ಲಿ ಮೂರು ಅಂಕಿ. ಎಷ್ಟು ಯೂರೋ, ಎಷ್ಟು ದಿನ, ಎಷ್ಟು ಕಿಲೋ. ಓನರ್ ಪರವಾಗಿ ಯಾರ್ಡ್‌ನಲ್ಲೇ ಇರುವ ಪ್ರತಿನಿಧಿ ಅನುಭವಸ್ಥನಾಗಿದ್ದರೆ ಮೊದಲು ಮೂರನೆಯ ಅಂಕಿಯನ್ನೇ ನೋಡುತ್ತಾನೆ. ಆ ಟಬ್‌ನ ಹಾಳೆಯಲ್ಲಿ ಒಂದು ಟನ್‌ಗೂ ಮೇಲೆ ಇತ್ತು. ನೀರು ತುಂಬದೆ. ಡೆಕ್ಕಿನ ತೊಲೆಗಳನ್ನು ಬದಲಿಸಬೇಕಿತ್ತು. ಅಷ್ಟರಲ್ಲಿ ಕೆಳಗಿನ ಕೋಣೆಯ ಸೀಲಿಂಗ್ ಮುಚ್ಚಿ ಆಗಿತ್ತು, ವಾಲ್‌ನಟ್ ಹಲಗೆ ಕೂತಿತ್ತು. ಅವರು ಸಹಿ ಹಾಕಲಿಲ್ಲ. ಬೇಸರ ಮಾಡಿಕೊಂಡರು. ಮೊದಲ ವರ್ಷ ಕೇಳಿದ್ದರೆ ಖಂಡಿತ ಆಗುತ್ತಿತ್ತು, ಅದೇ ನನಗೂ ಬೇಸರ.

ಆದ್ದರಿಂದ ಯಾರಾದರೂ ನಿಜವಾಗಿ ಯಾಟ್ ಮಾಡಿಸಲು ಹೊರಟರೆ ನಾನು ಹೇಳುವುದು ಒಂದೇ. ಬಟ್ಟೆ, ದೀಪ, ತಟ್ಟೆ, ಪರದೆ ಇವನ್ನೆಲ್ಲಾ ಪಕ್ಕಕ್ಕಿಡಿ. ಅವನ್ನು ಕೊನೆಯ ವರ್ಷದಲ್ಲೂ ಆರಿಸಬಹುದು. ಮೊದಲು ನಿಮ್ಮ ದಿನ ಹೇಗಿರುತ್ತದೆ ಅಂತ ಹೇಳಿ. ಬೆಳಗ್ಗೆ ಎಲ್ಲಿ ಕಾಫಿ ಕುಡೀತೀರಿ? ಮಕ್ಕಳು ಎಲ್ಲಿ ಆಡ್ತಾರೆ? ಅಡುಗೆಮನೆಯ ವಾಸನೆ ಎಲ್ಲಿಗೆ ಬರಬಾರದು? ಮೊಮ್ಮಕ್ಕಳನ್ನು ನೋಡಿಕೊಳ್ಳುವವರು ಎಲ್ಲಿ ಮಲಗ್ತಾರೆ? ಯಾರ್ಡ್‌ನಲ್ಲಿ ಪ್ಲೈವುಡ್‌ನಿಂದ ಕೋಣೆಯನ್ನು ನಿಜ ಅಳತೆಯಲ್ಲೇ ಕಟ್ಟಿ ತೋರಿಸುತ್ತಾರೆ. ಅದರೊಳಗೆ ಹೋಗಿ ಸುಮ್ನೆ ನಿಲ್ಲಬೇಡಿ, ಮಲಗಿ ನೋಡಿ. ಒಬ್ಬರು ಹೆಂಗಸು ಹಾಗೆ ಪ್ಲೈವುಡ್ ಮಂಚದ ಮೇಲೆ ಮಲಗಿ, ‘ಇಲ್ಲಿಂದ ಆಕಾಶ ಮಾತ್ರ ಕಾಣುತ್ತೆ, ನೀರು ಕಾಣಲ್ಲ’ ಅಂದರು. ಕಿಟಕಿ ಒಂದು ಗೇಣು ಕೆಳಗಿಳಿಯಿತು. ಉಕ್ಕು ಕತ್ತರಿಸಿ ಆಗಿದ್ದರೆ ಅವರು ಇಪ್ಪತ್ತು ವರ್ಷ ಆಕಾಶವನ್ನೇ ನೋಡಬೇಕಾಗುತ್ತಿತ್ತು.

ಇಷ್ಟು ಓನರ್‌ಗಳ ಮಾತು. ನನ್ನ ಕೆಲಸ ಶುರುವಾಗುವುದು ಕೊನೆಯಲ್ಲಿ. ಕಮಿಷನಿಂಗ್ ಅಂದರೆ ಕಟ್ಟಿ ಮುಗಿದ ಹಡಗಿಗೆ ಒಂದೊಂದಾಗಿ ಜೀವ ಕೊಡುವುದು. ಮೊದಲು ದಡದಿಂದ ಕರೆಂಟ್. ಆಮೇಲೆ ಜನರೇಟರ್. ಆಮೇಲೆ ನೀರು, ಎಸಿ, ಸ್ಟೀರಿಂಗ್, ಎಂಜಿನ್. ನಡುವೆ ಒಂದು ದಿನ ಓಲಿಸಿ ನೋಡುವ ಪರೀಕ್ಷೆ. ಬೇಡದವರನ್ನೆಲ್ಲಾ ಕೆಳಗಿಳಿಸಿ, ಕಟ್ಟಿದ ಹಗ್ಗ ಸಡಿಲ ಬಿಡುತ್ತೇವೆ. ಗೊತ್ತಿರುವ ತೂಕಗಳನ್ನು ಡೆಕ್ ಮೇಲೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸರಿಸುತ್ತೇವೆ. ಒಳಗೆ ಉದ್ದದ ದಾರಕ್ಕೆ ಗುಂಡು ಕಟ್ಟಿ, ಅದು ಅಲುಗದಿರಲಿ ಅಂತ ಎಣ್ಣೆಯ ತೊಟ್ಟಿಯಲ್ಲಿ ಇಳಿಬಿಟ್ಟಿರುತ್ತಾರೆ. ದಾರ ಎಷ್ಟು ಮಿಲಿಮೀಟರ್ ಸರಿಯಿತು ಅನ್ನೋದನ್ನು ನೋಡಿ ಹಡಗಿನ ಭಾರದ ನಡು ಎಷ್ಟು ಎತ್ತರದಲ್ಲಿದೆ ಅಂತ ಲೆಕ್ಕ ಹಾಕುತ್ತಾರೆ. ಮೂರು ವರ್ಷ ಬರೆದಿಟ್ಟ ಕಿಲೋಗಳೆಲ್ಲಾ ಸರಿಯಾಗಿದ್ದವಾ ಅನ್ನೋದನ್ನು ಆ ದಾರ ಹೇಳಿಬಿಡುತ್ತದೆ.

ನನಗೆ ಪ್ರತಿ ಸಲ ಎದೆ ಹೊಡೆದುಕೊಳ್ಳುವುದು ಬ್ಲ್ಯಾಕೌಟ್ ಪರೀಕ್ಷೆಯಲ್ಲಿ. ಎಲ್ಲಾ ಕರೆಂಟ್ ಬೇಕಂತಲೇ ಕಡಿಯುತ್ತೇವೆ. ಇಡೀ ಹಡಗಿನ ಫ್ಯಾನ್, ಪಂಪ್ ಒಮ್ಮೆಲೇ ನಿಲ್ಲುತ್ತವೆ. ಬ್ಯಾಟರಿ ದೀಪ ಮಾತ್ರ ಉರಿಯುತ್ತದೆ. 45 ಸೆಕೆಂಡ್ ಒಳಗೆ ಎಮರ್ಜೆನ್ಸಿ ಜನರೇಟರ್ ತಾನಾಗಿ ಚಾಲೂ ಆಗಿ ಕರೆಂಟ್ ಕೊಡಬೇಕು. ಕ್ಲಾಸ್ ಸೊಸೈಟಿಯಿಂದ ಬಂದ ಸರ್ವೇಯರ್ ಕೈಯಲ್ಲಿ ಸ್ಟಾಪ್‌ವಾಚ್. ಯಾರೂ ಮಾತಾಡುವುದಿಲ್ಲ. ಎಲ್ಲೋ ಮೇಲಿಂದ ‘ಗುರ್ರ್’ ಅಂತ ಸದ್ದು ಬಂದಾಗ ಉಸಿರು ಬಿಡುತ್ತೇವೆ.

ಆಮೇಲೆ ನಾರ್ತ್ ಸೀಯಲ್ಲಿ ಟ್ರಯಲ್. ವೇಗ, ತಟ್ಟನೆ ನಿಲ್ಲಿಸುವುದು, ಪೂರ್ತಿ ತಿರುವು, ಲಂಗರು. ಪ್ರತಿ ಕೋಣೆಯಲ್ಲೂ ಸದ್ದು ಎಷ್ಟು ಡೆಸಿಬಲ್ ಮೀರಬಾರದು ಅಂತ ಕಾಂಟ್ರಾಕ್ಟ್‌ನಲ್ಲೇ ಬರೆದಿರುತ್ತದೆ. ಮೀಟರನ್ನು ಮಂಚದ ಮೇಲೆ, ತಲೆ ಬರುವ ಜಾಗದಲ್ಲಿ ಹಿಡಿದು ಅಳೆಯುತ್ತೇವೆ. ಆ ಅಮ್ಮನ ಕೋಣೆಯಲ್ಲಿ ಎಂಜಿನ್ ಒಂದು ವೇಗಕ್ಕೆ ಬಂದಾಗ ಮಾತ್ರ ಜೇನುಹುಳದ ಥರ ಸಣ್ಣ ಗುಂಯ್ ಸದ್ದು ಬರುತ್ತಿತ್ತು. ಮೂರು ರಾತ್ರಿ ಗೋಡೆಗೆ ಕಿವಿ ಇಟ್ಟು ಹುಡುಕಿದೆವು. ಕೊನೆಗೆ ಹಲಗೆಯ ಹಿಂದೆ ಸಿಕ್ಕಿತು. ಒಂದು ಪೈಪ್ ಕ್ಲ್ಯಾಂಪ್‌ಗೆ ರಬ್ಬರ್ ಹಾಕಿರಲಿಲ್ಲ. ಹೆಬ್ಬೆರಳಷ್ಟು ಅಗಲದ ರಬ್ಬರ್.

ಡೆಲಿವರಿ ದಿನ ಅವರು ಬಂದರು. ಮಗ ಹಿಂದೆ ನಿಂತಿದ್ದ, ಕುರ್ಚಿ ತಳ್ಳಲು ಕೈ ಮುಂದೆ ಮಾಡಿದ. ಅಮ್ಮ ಬೇಡ ಅಂದರು. ತಾವೇ ಚಕ್ರ ತಿರುಗಿಸಿಕೊಂಡು ಕೋಣೆಯಿಂದ ಹೊರಟು, ಜಾಲರಿಯ ಮೇಲೆ ಕಟಕಟ ಅಂತ ಉರುಳಿ, ಡೆಕ್ಕಿನ ತುದಿಯವರೆಗೆ ಹೋಗಿ ನಿಂತರು. ಬಹಳ ಹೊತ್ತು ನೀರು ನೋಡುತ್ತಾ ಇದ್ದರು. ಸಂಜೆ ಅವರು ಒಳಗೆ ಬಂದ ಮೇಲೆ ಡೆಕ್ಕಿನ ಹುಡುಗ ಹೊಸ್ತಿಲನ್ನು ಹೊತ್ತು ತಂದ. ಕಾಲುವೆಯ ಅಂಚಿಗೆ ಸರಿಯಾಗಿ ಕೂರಿಸಿ, ನಾಲ್ಕೂ ಬೋಲ್ಟ್ ಬಿಗಿದು, ಕೈಯಲ್ಲಿ ಅಲುಗಿಸಿ ನೋಡಿದ. ಆಮೇಲೆ ಕ್ಯಾಪ್ಟನ್ ಹಗ್ಗ ಬಿಚ್ಚಲು ಹೇಳಿದರು.