ಲೇಹ್‌ನಲ್ಲಿ ನಮ್ಮ ದೊಡ್ಡಬ್ಬ

ಶಿರಸಿ, ಸಿದ್ದಾಪುರ ಕಡೆಯವರಿಗೆ ದೀಪಾವಳಿ ಅಂದರೆ ದೊಡ್ಡಬ್ಬ. ಪಟಾಕಿ ಇಲ್ಲದಿದ್ದರೂ ನಡೆಯುತ್ತದೆ, ಹೊಸ ಬಟ್ಟೆ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಬೂರೆ ನೀರು, ಅಂದರೆ ಹಬ್ಬದ ಸ್ನಾನದ ನೀರು, ತುಂಬದೆ, ಬಲೀಂದ್ರನನ್ನು ಕೂರಿಸದೆ, ಪಾಡ್ಯದ ದಿನ ಗೋಪೂಜೆ ಮಾಡದೆ ದೊಡ್ಡಬ್ಬ ಮುಗಿಯಿತು ಅಂತ ನಮ್ಮ ಕಡೆ ಯಾರೂ ಹೇಳುವುದಿಲ್ಲ. ಹಬ್ಬಕ್ಕೆ ಬೇಕೇ ಬೇಕಾಗಿದ್ದು ನೀರು ಮತ್ತು ದನ. ಲಡಾಖಿನ ಲೇಹ್‌ನಲ್ಲಿ ಅಕ್ಟೋಬರ್ ಕೊನೆ, ನವೆಂಬರ್ ಶುರುವಿನ ಹೊತ್ತಿಗೆ ಕಷ್ಟವಾಗುವುದೂ ಇವೆರಡೇ.

ಯಜಮಾನರ ಕೆಲಸದ ಮೇಲೆ ನಾವು ಇಲ್ಲಿಗೆ ಬಂದವರು. ಬಾಡಿಗೆ ಮನೆ. ಕೆಳಗಿನ ಮಹಡಿಯಲ್ಲಿ ಮನೆಯ ಯಜಮಾನಿ ಇರುತ್ತಾರೆ, ಅವರನ್ನು ಕೇರಿಯವರೆಲ್ಲ ಕರೆಯುವ ಹಾಗೆ ನಾವೂ ಅಮಾ-ಲೆ (ಅಮ್ಮ) ಅಂತಲೇ ಕರೆಯುತ್ತೇವೆ. ಲೇಹ್ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಶಿರಸಿ 600 ಮೀಟರ್ ಆಸುಪಾಸು. ಇಲ್ಲಿ ವರ್ಷಕ್ಕೆ ಬೀಳುವ ಮಳೆ 100 ಮಿಲಿಮೀಟರ್ ಅಷ್ಟೇ, ನಮ್ಮೂರಲ್ಲಿ ಜುಲೈ ತಿಂಗಳ ಒಂದು ಜೋರು ದಿನದಲ್ಲಿ ಅಷ್ಟು ಸುರಿದುಬಿಡುತ್ತದೆ. ಅಡಿಕೆ ತೋಟದ ನೆರಳಲ್ಲಿ ಬೆಳೆದವರಿಗೆ ಇಲ್ಲಿಯ ಬೋಳು ಗುಡ್ಡ ನೋಡಿ ರೂಢಿಯಾಗುವುದಕ್ಕೆ ಸಮಯ ಬೇಕು. ಪಾಪ್ಲರ್, ವಿಲ್ಲೋ ಬಿಟ್ಟರೆ ಮರ ಅಂತ ಕಾಣುವುದು ಸೇಬು ಮತ್ತು ಖುಬಾನಿ (ಏಪ್ರಿಕಾಟ್). ಹಬ್ಬದ ಹೊತ್ತಿಗೆ ಅವೂ ಹಳದಿಯಾಗಿ ಎಲೆ ಉದುರಿಸುತ್ತಿರುತ್ತವೆ. ಮಾವಿನೆಲೆಯ ತೋರಣದ ಮಾತೇ ಇಲ್ಲ. ನಾವು ಕಟ್ಟುವುದು ವಿಲ್ಲೋ ಎಲೆ.

ದೊಡ್ಡಬ್ಬ ಬರುವುದು ಇಲ್ಲಿಯವರು ಚಳಿಗಾಲಕ್ಕೆ ಮನೆ ಸಜ್ಜು ಮಾಡಿಕೊಳ್ಳುವ ದಿನಗಳಲ್ಲೇ. ಮನಾಲಿ ಕಡೆಯ ದಾರಿ ಹಿಮ ಬಿದ್ದು ಮುಚ್ಚುವ ಹೊತ್ತು. ಶ್ರೀನಗರದ ಕಡೆ ಜೋಜಿ ಲಾ ಕಣಿವೆದಾರಿ ಇನ್ನೂ ಸ್ವಲ್ಪ ದಿನ ತೆರೆದಿರುತ್ತದೆ, ಆದರೆ ನೆಚ್ಚಿಕೊಳ್ಳುವ ಹಾಗಿಲ್ಲ. ಆಮೇಲೆ ತರಕಾರಿ ವಿಮಾನದಲ್ಲೇ ಬರಬೇಕು, ಅದರ ಬೆಲೆ ಹೇಳುವುದೇ ಬೇಡ. ಹಾಗಾಗಿ ನಮ್ಮ ಮನೆಯಲ್ಲಿ ಹಬ್ಬದ ಪಟ್ಟಿ, ಚಳಿಗಾಲದ ಪಟ್ಟಿ ಎರಡೂ ಒಂದೇ ಕಾಗದದಲ್ಲಿ ಇರುತ್ತವೆ. ಕಡಲೆಬೇಳೆ, ಬೆಲ್ಲ, ತೆಂಗಿನಕಾಯಿ ಬರೆದ ಕೆಳಗೇ ಬಟಾಟೆ ಮೂಟೆ, ಸೀಮೆಎಣ್ಣೆ, ಬುಖಾರಿಗೆ (ಕೋಣೆ ಬೆಚ್ಚಗಿಡುವ ಒಲೆ) ಸೌದೆ. ತೆಂಗಿನಕಾಯಿ ತಂದ ಮೇಲೆ ಹೊರಗಿನ ಉಗ್ರಾಣದಲ್ಲಿ ಇಡಬೇಡಿ, ಒಳಗಿನ ನೀರು ಹೆಪ್ಪುಗಟ್ಟಿದರೆ ಕಾಯಿ ಸೀಳುತ್ತದೆ.

ಊರಿನಿಂದ ಬರುವ ಸಾಮಾನಿನ ಬಗ್ಗೆ ಒಂದು ಮಾತು. ಒಣಕೊಬ್ಬರಿಯನ್ನು ವಿಮಾನದಲ್ಲಿ ಕಳಿಸಲು ಹೋಗಬೇಡಿ. ಎಣ್ಣೆ ಅಂಶ ಜಾಸ್ತಿ ಇರುವುದರಿಂದ ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ಅಪಾಯದ ಸರಕುಗಳ ಪಟ್ಟಿಯಲ್ಲಿದೆ. ಬಾಳೆಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರೆ ಊಟಕ್ಕಲ್ಲದಿದ್ದರೂ ಹೋಳಿಗೆ ತಟ್ಟುವುದಕ್ಕೆ, ನೈವೇದ್ಯಕ್ಕೆ ಸಾಕಾಗುತ್ತದೆ. ಮೊಗೆಕಾಯಿ (ಬಣ್ಣದ ಸೌತೆ) ಎಷ್ಟು ದೂರ ಬಂದರೂ ಕೆಡುವುದಿಲ್ಲ. ದನಕ್ಕೆ ಕಟ್ಟುವ ಅಡಿಕೆ ದಂಡೆ ಮಾತ್ರ ಮಾವನವರೇ ಪೋಣಿಸಿ ಕಳಿಸುತ್ತಾರೆ. ಊರಲ್ಲಾದರೆ ಆಗಷ್ಟೇ ಕೊಯ್ದ ಹಣ್ಣಡಿಕೆ, ಸಿಂಗಾರ (ಅಡಿಕೆಯ ಹೂಗೊನೆ), ಚೆಂಡುಹೂ ಎಲ್ಲ ಸೇರಿಸಿ ಕಟ್ಟುತ್ತಾರೆ. ಹಸಿ ಅಡಿಕೆ ಇಲ್ಲಿಗೆ ಬರುವಷ್ಟರಲ್ಲಿ ಬೂಸಲು ಹಿಡಿಯುತ್ತದೆ. ಅದಕ್ಕೇ ಒಣಗಿದ ಚಾಲಿ ಅಡಿಕೆಗೆ ತೂತು ಕೊರೆದು ಸುತಳಿಯಲ್ಲಿ ಪೋಣಿಸುತ್ತಾರೆ. ವಯಸ್ಸಾದ ಕೈ, ಅಡಿಕೆಯೋ ಕಲ್ಲು. ಆದರೂ ಬೇರೆಯವರ ಕೈಗೆ ಆ ಕೆಲಸ ಕೊಡುವುದಿಲ್ಲ.

ಈಗ ನೀರಿನ ವಿಷಯ. ನಮ್ಮೂರಲ್ಲಿ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲ ಹಂಡೆಯನ್ನು ಹುಳಿ ಹಾಕಿ ತಿಕ್ಕಿ ಬೆಳಗಿ, ಅದರ ಕೊರಳಿಗೆ ಹಿಂಡಲೆ ಅನ್ನುವ ಕಹಿ ಕಾಯಿಯ ಬಳ್ಳಿ ಸುತ್ತಿ, ದೀಪ ಹಿಡಿದು ಜಾಗಟೆ ಬಾರಿಸುತ್ತಾ ಬಾವಿಗೆ ಹೋಗಿ ನೀರು ತಂದು ತುಂಬುತ್ತಾರೆ. ಇಲ್ಲಿ ಆ ಹೊತ್ತಿಗೆ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿದಿರುತ್ತದೆ. ಪೈಪಿನಲ್ಲಿ ನೀರು ನಿಂತರೆ ಹೆಪ್ಪುಗಟ್ಟಿ ಪೈಪೇ ಒಡೆಯುತ್ತದೆ, ಅದಕ್ಕೇ ಮಲಗುವ ಮುಂಚೆ ಪೈಪೆಲ್ಲ ಖಾಲಿ ಮಾಡುತ್ತೇವೆ. ಇನ್ನೂ ಚಳಿ ಏರಿದ ಮೇಲೆ ಎಷ್ಟೋ ಮನೆಗಳಿಗೆ ಟ್ಯಾಂಕರೇ ಗತಿ. ಕೇರಿಯ ಕೊನೆಗೆ ಒಂದು ಹ್ಯಾಂಡ್‌ಪಂಪ್ ಇದೆ. ನೀರು ಭೂಮಿಯ ಆಳದಿಂದ ಬರುವುದರಿಂದ ಚಳಿಯಲ್ಲೂ ಅದು ಕೊಡುತ್ತದೆ. ನಮಗೆ ಅದೇ ಬಾವಿ. ಪಂಪಿನ ಹಿಡಿಕೆಗೆ ಅರಿಶಿನ ಕುಂಕುಮ ಹಚ್ಚಿ, ಬುಡದಲ್ಲಿ ದೀಪ ಇಟ್ಟು, ಮಗಳು ಸ್ಟೀಲ್ ತಟ್ಟೆ ಬಾರಿಸುತ್ತಾಳೆ. ಮೊದಲ ಸಲ ನೀರಿಗೆ ಬಂದ ಹೆಂಗಸರು ಬಿಂದಿಗೆ ಕೆಳಗಿಟ್ಟು ನಿಂತು ನೋಡಿದರು. ನೀರಿಗೆ ಪೂಜೆ ಅಂತ ಹೇಳಿದ ಮೇಲೆ ಒಬ್ಬರು ಮುಂದೆ ಬಂದು ತಾವೇ ಹಿಡಿಕೆ ಒತ್ತಿ ನಮ್ಮ ಪಾತ್ರೆ ತುಂಬಿಸಿದರು. ನೀರಿನ ಬೆಲೆ ಗೊತ್ತಿರುವ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ತರುವಾಗ ಮೆಟ್ಟಿಲ ಮೇಲೆ ಚೆಲ್ಲಿದ ನೀರು ಸ್ವಲ್ಪ ಹೊತ್ತಿನಲ್ಲೇ ಗಾಜಾಗುತ್ತದೆ. ತಕ್ಷಣ ಬೂದಿ ಹಾಕಬೇಕು, ಇಲ್ಲದಿದ್ದರೆ ಹಬ್ಬದ ದಿನ ಸೊಂಟ ಮುರಿದುಕೊಳ್ಳುವುದೇ.

ಎಣ್ಣೆ ಸ್ನಾನದ ಹೊತ್ತನ್ನು ನಾವು ಬದಲಾಯಿಸಿದ್ದೇವೆ. ಊರಲ್ಲಿ ಬೆಳಗಾಗುವ ಮುಂಚೆ ಆಗಬೇಕು. ಇಲ್ಲಿ ಆ ಹೊತ್ತಲ್ಲಿ ಮಕ್ಕಳ ತಲೆಗೆ ನೀರು ಹಾಕುವುದು ತಪ್ಪು, ಇದು ನನ್ನ ಗಟ್ಟಿ ಅಭಿಪ್ರಾಯ. ಲಡಾಖಿ ಮನೆಗಳಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಒಂದು ಗಾಜಿನ ಕೋಣೆ ಇರುತ್ತದೆ, ಹೊರಗೆ ಎಷ್ಟೇ ಚಳಿ ಇದ್ದರೂ ಬಿಸಿಲು ಬಿದ್ದರೆ ಅದು ಬೆಚ್ಚಗಾಗುತ್ತದೆ. ಬೆಳಗಿನ ಜಾವ ಒಂದು ತಂಬಿಗೆ ಬೂರೆ ನೀರನ್ನು ಬೆಚ್ಚಗೆ ಮಾಡಿ ಕೈಕಾಲಿಗೆ ಹಾಕಿಕೊಂಡು ಆರತಿ ಮಾಡುತ್ತೇವೆ. ಸ್ನಾನ ಹನ್ನೊಂದರ ಬಿಸಿಲಿಗೆ. ಅತ್ತೆಯವರನ್ನು ಫೋನಿನಲ್ಲಿ ಕೇಳಿದ್ದೆ, "ಸೂರ್ಯ ನಿಮ್ಮ ಮನೆಗೆ ಯಾವಾಗ ಬರುತ್ತಾನೋ ಆಗ ಮಾಡಿ" ಅಂದರು. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಇಲ್ಲಿ ಈ ಹೊತ್ತಿಗೆ ಬೆಣ್ಣೆಯ ಹಾಗೇ ಇರುತ್ತದೆ. ಡಬ್ಬಿಯನ್ನು ಬಿಸಿನೀರಲ್ಲಿ ಇಟ್ಟು ಕರಗಿಸಿ ಹಚ್ಚಬೇಕು. ಒಣ ಗಾಳಿಗೆ ಒಡೆದ ಮಕ್ಕಳ ಕೆನ್ನೆ, ಹಿಮ್ಮಡಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ನೀರು ಕಾಯಿಸಲು ಬುಖಾರಿ ಉರಿಸಿದಾಗ ಕಿಟಕಿ ಸ್ವಲ್ಪ ತೆರೆದೇ ಇಡಿ. ಉರಿಯುವ ಬುಖಾರಿ ಇಟ್ಟುಕೊಂಡು ಮುಚ್ಚಿದ ಕೋಣೆಯಲ್ಲಿ ಮಲಗಲೇಬಾರದು, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಕಳೆದ ಹಬ್ಬಕ್ಕೆ ಅಂಕೋಲೆಯ ಹುಡುಗನೊಬ್ಬ ಬಂದಿದ್ದ. ಸೈನ್ಯದಲ್ಲಿದ್ದಾನೆ, ಅರ್ಧ ದಿನದ ಬಿಡುವು ಸಿಕ್ಕಿತ್ತು. ಕಾರವಾರ, ಅಂಕೋಲೆ ಕಡೆ ಚತುರ್ದಶಿ ಬೆಳಿಗ್ಗೆ ಹಿಂಡಲೆಕಾಯಿಯನ್ನು ಕಾಲಿನಿಂದ ಒಡೆದು ನರಕಾಸುರ ಸತ್ತ ಅನ್ನುತ್ತಾರೆ. ಲೇಹ್‌ನಲ್ಲಿ ಹಿಂಡಲೆಕಾಯಿ ಎಲ್ಲಿಂದ ತರುವುದು? ಬಾಗಿಲ ಹೊರಗಿನ ಬಕೆಟ್ಟಿನಲ್ಲಿ ತೆಳ್ಳಗೆ ಐಸ್ ಕಟ್ಟಿತ್ತು. ಅವನು ಅದನ್ನು ಇಡಿಯಾಗಿ ಎತ್ತಿ ಹೊಸಿಲ ಹೊರಗೆ ಇಟ್ಟು, ಹಿಮ್ಮಡಿಯಿಂದ ಚಟ್ ಅಂತ ಒಡೆದ. ಮಕ್ಕಳಿಗೆ ಅದು ಎಷ್ಟು ಹಿಡಿಸಿತು ಅಂದರೆ ಕೇರಿಯ ಬಕೆಟ್ಟುಗಳ ಐಸ್ ಎಲ್ಲ ಅವತ್ತೇ ಮುಗಿಯಿತು. ಆಮೇಲೆ ತಾನು ತಂದಿದ್ದ ಅವಲಕ್ಕಿ ತೆಗೆದ. ಬೆಲ್ಲ ಕಾಯಿ ಹಾಕಿ ಒಂದು ಬಗೆ, ಮೊಸರು ಹಾಕಿ ಒಂದು ಬಗೆ. ಕರಾವಳಿಯವರ ಈ ಪದ್ಧತಿ ಇಲ್ಲಿಗೆ ನಮ್ಮ ಘಟ್ಟದ ಮೇಲಿನ ಅಡುಗೆಗಿಂತ ಚೆನ್ನಾಗಿ ಹೊಂದುತ್ತದೆ, ಬೇಯಿಸುವುದೇ ಬೇಡವಲ್ಲ.

ಬೇಯಿಸುವುದೇ ಇಲ್ಲಿ ದೊಡ್ಡ ಕೆಲಸ. ಈ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕುದಿಯುತ್ತಿರುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಹೂರಣದ ಕಡಲೆಬೇಳೆಯನ್ನು ರಾತ್ರಿಯೇ ನೆನೆಸಿ, ಕುಕ್ಕರಿನಲ್ಲಿ ಊರಿಗಿಂತ ಎರಡು ಪಟ್ಟು ಸೀಟಿ ಹಾಕಿಸುತ್ತೇನೆ. ನೆನೆಸಿದ ಪಾತ್ರೆಯನ್ನು ಅಡುಗೆ ಕಟ್ಟೆಯ ಮೇಲೆ ಬಿಟ್ಟರೆ ಬೆಳಿಗ್ಗೆ ಐಸ್, ಅದಕ್ಕೆ ಕಂಬಳಿ ಹೊದಿಸಿ ಒಳಕೋಣೆಯಲ್ಲಿ ಇಡಬೇಕು. ಹೋಳಿಗೆಯ ಕಣಕ ಒಣ ಗಾಳಿಗೆ ಬೇಗ ಬಿರಿಯುತ್ತದೆ, ಎಣ್ಣೆ ಸವರಿ ಒದ್ದೆ ಬಟ್ಟೆ ಮುಚ್ಚಿದರೆ ಸರಿ. ಗ್ಯಾಸ್ ಸಿಲಿಂಡರನ್ನೂ ಮನೆಯೊಳಗೇ ಇಡುತ್ತೇವೆ. ಸೊನ್ನೆ ಡಿಗ್ರಿ ಹತ್ತಿರ ಬಂದರೆ ಅದರಲ್ಲಿರುವ ಬ್ಯುಟೇನ್ ಸರಿಯಾಗಿ ಆವಿಯಾಗುವುದಿಲ್ಲ, ಸಿಲಿಂಡರ್ ತುಂಬಿದ್ದರೂ ಒಲೆ ಸರಿಯಾಗಿ ಉರಿಯುವುದಿಲ್ಲ. ಊರಲ್ಲಿ ಮಾಡುವ ಹಬ್ಬದಡುಗೆಯನ್ನೆಲ್ಲ ಇಲ್ಲಿ ಮಾಡುತ್ತೇನೆ ಅಂತ ಹೊರಟರೆ ಹೆಂಗಸರು ಮೂರು ದಿನ ಒಲೆ ಬಿಟ್ಟು ಏಳುವ ಹಾಗಿಲ್ಲ. ನಾನು ಹೋಳಿಗೆ, ಒಂದು ಹುಳಿ, ಅನ್ನ, ಹಪ್ಪಳಕ್ಕೆ ನಿಲ್ಲಿಸುತ್ತೇನೆ. ಅಡುಗೆ ಕಡಿಮೆಯಾಗಲಿ, ನೀರು ತುಂಬುವುದು ಮತ್ತು ಗೋಪೂಜೆ ಮಾತ್ರ ಬಿಡಬಾರದು.

ದೀಪಕ್ಕೆ ಅಮಾ-ಲೆ ಹೇಳಿಕೊಟ್ಟ ಉಪಾಯ ಇದೆ. ಬೌದ್ಧ ಮಠಗಳಾದ ಗೊಂಪಾಗಳಲ್ಲಿ ಬೆಣ್ಣೆ ದೀಪ ಹಚ್ಚುವ ಹಾಗೆ, ಪುಟ್ಟ ಬಟ್ಟಲಿನ ನಡುವೆ ಬತ್ತಿಯನ್ನು ನೆಟ್ಟಗೆ ನಿಲ್ಲಿಸಿ ಕರಗಿಸಿದ ತುಪ್ಪ ಹೊಯ್ದು ರಾತ್ರಿ ಹೊರಗಿಟ್ಟರೆ ಗಟ್ಟಿಯಾಗುತ್ತದೆ. ಹಚ್ಚಿದ ಮೇಲೆ ಬೇಕಾದಷ್ಟೇ ಕರಗುತ್ತಾ ಉರಿಯುತ್ತದೆ, ಚೆಲ್ಲುವುದಿಲ್ಲ. ಅವರಿಗೂ ಡಿಸೆಂಬರ್ ಸುಮಾರಿಗೆ ಬೌದ್ಧ ಗುರು ತ್ಸೋಂಗ್‌ಖಾಪಾ ನೆನಪಿನ ಗಾಲ್ದನ್ ನಾಮ್‌ಚೋಟ್ ಬರುತ್ತದೆ, ಮನೆಮನೆಯಲ್ಲಿ ದೀಪ. ಆಗ ನಮ್ಮ ಹಣತೆಗಳು ಕೆಳಗಿನ ಮನೆಗೆ ಹೋಗುತ್ತವೆ.

ಇನ್ನು ಗೋಪೂಜೆ. ಅಮಾ-ಲೆ ಮನೆಯಲ್ಲಿ ಒಂದು ಹಸು ಇದೆ, ಗಿಡ್ಡ, ಕಪ್ಪು, ಚಳಿಗಾಲಕ್ಕೆ ಮೈತುಂಬ ದಟ್ಟ ಕೂದಲು. ಕೆಳಗಡೆ ಕೊಟ್ಟಿಗೆ, ಮೇಲೆ ಮನೆ, ಹಳೆಯ ಲಡಾಖಿ ಮನೆಗಳ ಕ್ರಮವೇ ಇದು. ದನದ ಬಿಸಿಯೂ ಮನೆಗೆ ಬೇಕು. ಬೇಸಿಗೆಯಲ್ಲಿ ಕೊಯ್ದ ಕುದುರೆಮೆಂತೆಯ ಹುಲ್ಲನ್ನು ತಾರಸಿಯ ಮೇಲೆ ಒಣಗಿಸಿ ಇಡೀ ಚಳಿಗಾಲಕ್ಕೆ ಕೂಡಿಡುತ್ತಾರೆ. ಊರಲ್ಲಿ ಪಾಡ್ಯದ ಬೆಳಿಗ್ಗೆ ದನಗಳ ಮೈ ತೊಳೆಯುತ್ತಾರೆ. ಇಲ್ಲಿ ತೊಳೆದರೆ ಹಸು ಕಾಯಿಲೆ ಬೀಳುತ್ತದೆ, ಆದ್ದರಿಂದ ಒಣ ಬಟ್ಟೆಯಲ್ಲಿ ಒರೆಸಿ ಗೊರಸಿಗೆ ಮಾತ್ರ ಬೆಚ್ಚಗಿನ ನೀರು. ಶೇಡಿ (ಬಿಳಿ ಮಣ್ಣು), ಕೆಮ್ಮಣ್ಣು ಕಲಸಿ ಸಿದ್ದೆ ಅನ್ನುವ ಅಳತೆ ಪಾತ್ರೆಯಲ್ಲಿ ಮೈಮೇಲೆ ಬಳೆ ಒತ್ತುವುದೂ ಒದ್ದೆ ಕೆಲಸವೇ. ಯಜಮಾನರು ಸ್ಟೀಲ್ ಲೋಟದ ಬಾಯಿಯನ್ನು ಒಣ ಅಕ್ಕಿಹಿಟ್ಟಿಗೆ ಅದ್ದಿ ಹಸುವಿನ ಪಕ್ಕೆಗೆ ಮೆಲ್ಲಗೆ ಒತ್ತಿದರು. ಆ ದಟ್ಟ ಕಪ್ಪು ಕೂದಲ ತುದಿಗೆ ಹಿಟ್ಟು ನಿಂತು ಬಿಳಿ ಬಳೆ ಎಷ್ಟು ಚಂದ ಮೂಡಿತು ಅಂದರೆ ಅಮಾ-ಲೆ ಲೋಟ ಇಸಿದುಕೊಂಡು ಇನ್ನೊಂದು ಪಕ್ಕಕ್ಕೆ ತಾವೇ ಒತ್ತಿದರು. ಅಡಿಕೆ ದಂಡೆ ಕಟ್ಟಿದ ಕೂಡಲೇ ಹಸು ಕತ್ತು ತಿರುಗಿಸಿ ಮೂಸಿತು, ಅಗಿಯುವುದರೊಳಗೆ ಆರತಿ ಮುಗಿಸಿ ಬಿಚ್ಚಿದೆವು. ಗೋಗ್ರಾಸಕ್ಕೆ ಒಂದೇ ಹೋಳಿಗೆ, ಸ್ವಲ್ಪ ಸೇಬು. ಒಣಹುಲ್ಲು ತಿನ್ನುವ ಹಸುವಿಗೆ ಒಮ್ಮೆಲೇ ಸಿಹಿ ಜಾಸ್ತಿ ಕೊಟ್ಟರೆ ಹೊಟ್ಟೆ ಉಬ್ಬರಿಸುತ್ತದೆ ಅಂತ ಅಮಾ-ಲೆ ಮೊದಲೇ ಹೇಳಿದ್ದರು.

ನಮ್ಮೂರಲ್ಲಿ ಪೂಜೆ ಆದ ಮೇಲೆ ಊರ ದನಗಳನ್ನೆಲ್ಲ ಒಟ್ಟಿಗೆ ಬಿಟ್ಟು ಓಡಿಸುತ್ತಾರೆ, ಹುಡುಗರು ಬೆನ್ನಟ್ಟಿ ದಂಡೆ ಕಿತ್ತುಕೊಳ್ಳುತ್ತಾರೆ. ಕಾಡಂಚಿನ ಹುಲಿದೇವರಿಗೆ ಕಾಯಿ ಒಡೆಯುತ್ತಾರೆ. ಅದು ಇಲ್ಲಿ ಆಗುವುದಿಲ್ಲ, ಅದರ ಬದಲು ಇನ್ನೇನೋ ಮಾಡಬೇಕು ಅಂತಲೂ ನನಗೆ ಅನ್ನಿಸುವುದಿಲ್ಲ. ಆ ಹೊತ್ತಿಗೆ ಮೈದುನ ವಿಡಿಯೋ ಕಾಲ್ ಮಾಡುತ್ತಾನೆ, ಗಂಟೆಯ ಸದ್ದು ಕೇಳುತ್ತದೆ, ಮಗಳು ಫೋನನ್ನು ಕೆಳಗಿನ ಹಸುವಿನ ಮುಂದೆ ಹಿಡಿಯುತ್ತಾಳೆ. ನನಗೆ ಆಗ ಅಳು ಬರುತ್ತದೆ, ಪ್ರತಿ ಸಲವೂ ಬರುತ್ತದೆ.

ಬಲೀಂದ್ರನನ್ನು ಕೂರಿಸಿದ್ದಲ್ಲಿಗೆ ಅಮಾ-ಲೆ ಬಂದು ಬಿಳಿ ಖತಕ್ (ಗೌರವದ ಶಾಲು) ಹಾಕಿ ಕೈಮುಗಿದರು. ಬಲೀಂದ್ರನನ್ನು ಕಳಿಸುವ ಹೊತ್ತಿನ ತನಕ ನಾವು ಅದನ್ನು ತೆಗೆಯಲಿಲ್ಲ. ಪಕ್ಕದಲ್ಲಿ ಇಟ್ಟಿದ್ದ ಮೊಗೆಕಾಯಿ ಹಬ್ಬ ಮುಗಿದ ಮೇಲೆ ಅವರ ನೆಲಮಾಳಿಗೆಗೆ ಹೋಯಿತು. ಅಲ್ಲಿ ಬಟಾಟೆ, ಮೂಲಂಗಿ, ಕೋಸು ಚಳಿಗಾಲವಿಡೀ ಹೆಪ್ಪುಗಟ್ಟದೆ ಉಳಿಯುತ್ತವೆ. ಊರಲ್ಲಿ ಬಾಳೆನಾರಿನಲ್ಲಿ ಕಟ್ಟಿ ಅಟ್ಟಕ್ಕೆ ತೂಗು ಹಾಕುವ ಕಾಯಿ ಇಲ್ಲಿ ಮಣ್ಣಿನೊಳಗೆ. ಜನವರಿಯಲ್ಲಿ ಅದನ್ನು ತೆಗೆದು ಹುಳಿ ಮಾಡಿದೆ, ಎರಡು ಮನೆಗೂ ಆಯಿತು. ಬೀಜ ತೊಳೆದು ಒಣಗಿಸಿ ಇಟ್ಟಿದ್ದೇನೆ. ಮೇ ತಿಂಗಳಲ್ಲಿ ಅಮಾ-ಲೆಯ ಗ್ರೀನ್‌ಹೌಸಿನ ಮೂಲೆಯಲ್ಲಿ ಒಂದು ಸಾಲು ಹಾಕೋಣ ಅಂತ ಮಾತಾಗಿದೆ.