ಎಂಸಿಬಿ ಎಲ್ಲ ಇಳಿಸಿದರೂ ನಿಲ್ಲದ ಆರ್‌ಸಿಸಿಬಿ

ಉಡುಪಿ, 22 ಜುಲೈ 2025, ಮಂಗಳವಾರ

ತುಳುನಾಡಿನ ಮಳೆಗಾಲದ ತಿಂಗಳು ಆಟಿ ಶುರುವಾದ ಮೇಲೆ ವೈರಿಂಗ್ ಕೆಲಸದವರಿಗೆ ಬರುವ ದೂರು ಹೆಚ್ಚಾಗಿ ಒಂದೇ ಬಗೆಯದು: ಜೋರು ಮಳೆ ಹೊಡೆದ ರಾತ್ರಿ ಆರ್‌ಸಿಸಿಬಿ (ಕರೆಂಟ್ ಅರ್ಥ್‌ಗೆ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬೀಳುತ್ತದೆ, ಎರಡು ದಿನ ಬಿಸಿಲು ಬಂದರೆ ತಾನಾಗಿ ಸರಿಯಾಗುತ್ತದೆ. ಇವತ್ತಿನ ಮನೆಯಲ್ಲೂ ಅದೇ. ಒಂದೊಂದು ಲೈನಿಗೂ ಇರುವ, ಕರೆಂಟ್ ಮಿತಿ ಮೀರಿದರೆ ಬೀಳುವ ಎಂಸಿಬಿ ಎಲ್ಲ ಇಳಿಸಿದರೂ ಆರ್‌ಸಿಸಿಬಿ ಮೇಲೆ ನಿಲ್ಲುತ್ತಿರಲಿಲ್ಲ. ಹಾಗಾದರೆ ಮೊದಲು ನೋಡಬೇಕಾದ್ದು ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್. ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್‌ನ ಕಪ್ಪು ವೈರ್, ಎಲ್ಲ ನ್ಯೂಟ್ರಲ್‌ಗಳನ್ನು ಒಟ್ಟಿಗೆ ಬಿಗಿಯುವ ಲೋಹದ ಪಟ್ಟಿಯಾದ ನ್ಯೂಟ್ರಲ್ ಲಿಂಕಿನಲ್ಲಿ ಹಾಗೇ ಕೂತಿರುತ್ತದೆ. ಅದು ಎಲ್ಲೋ ಅರ್ಥ್‌ಗೆ ತಾಗಿದ್ದರೆ, ಲೈನಿನ ನ್ಯೂಟ್ರಲ್‌ನಲ್ಲಿರುವ ಒಂದೆರಡು ವೋಲ್ಟೇ ಸಾಕು, ಆರ್‌ಸಿಸಿಬಿ ಬೀಳಲು ಸಾಕಾಗುವ 30 ಮಿಲಿಆಂಪ್ ಸೋರಿಬಿಡುತ್ತದೆ.

ಆ ಒಂದೆರಡು ವೋಲ್ಟೂ ಇಲ್ಲದ ಹೊತ್ತಲ್ಲಿ ಆರ್‌ಸಿಸಿಬಿ ನಿಂತು, ಗೀಸರ್ ಹಾಕಿದ ಕೂಡಲೇ ಬೀಳುವುದುಂಟು. ಗೀಸರಿನಿಂದ ವಾಪಸ್ ಹೋಗುವ ಕರೆಂಟಿನಲ್ಲಿ ಸ್ವಲ್ಪ ಅರ್ಥ್ ದಾರಿ ಹಿಡಿಯುತ್ತದೆ, ಅಷ್ಟೇ. ಹೊಸ ಗೀಸರ್ ತಂದು ಹಾಕಿದರೂ ಬೀಳುತ್ತದೆ.

ಹುಡುಕುವ ಕ್ರಮ ಹೀಗೆ. ಆರ್‌ಸಿಸಿಬಿಗಿಂತ ಹಿಂದಿರುವ ಮೈನ್ ಸ್ವಿಚ್ ಆಫ್ ಮಾಡಿ, ಕರೆಂಟ್ ಇಲ್ಲವೆಂದು ಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳಬೇಕು. ಇನ್ವರ್ಟರ್ ಇದ್ದರೆ ಅದೂ ಆಫ್. ನ್ಯೂಟ್ರಲ್ ವೈರ್‌ಗಳಿಗೆ ಟೇಪ್ ಸುತ್ತಿ ನಂಬರ್ ಬರೆದು, ಒಂದೊಂದನ್ನೇ ಲಿಂಕಿನಿಂದ ಬಿಡಿಸಬೇಕು. ಪ್ಲಗ್ ಎಲ್ಲ ಕಿತ್ತು, ಪ್ರತಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿಯಬೇಕು. 1 ಮೆಗಾಓಮ್‌ಗಿಂತ ಕೆಳಗೆ ಬಂದದ್ದೇ ಕಳ್ಳ. ಮಲ್ಟಿಮೀಟರ್ ನಂಬಿ ಕೂರಬೇಡಿ, ಅದರ ಸಣ್ಣ ಬ್ಯಾಟರಿಗೆ ತೇವದ ಸೋರಿಕೆ ಎಷ್ಟೋ ಸಲ ಕಾಣುವುದಿಲ್ಲ. ಇದೆಲ್ಲ ಲೈಸೆನ್ಸ್ ಇರುವವರು ಮಾಡುವ ಕೆಲಸ.

ಇವತ್ತು ಸಿಕ್ಕಿದ್ದು ಗೇಟಿನ ದೀಪದ ವೈರ್. ಮುರಕಲ್ಲಿನ ಕಂಪೌಂಡಿನೊಳಗೆ ಹುಗಿದ ಜಂಕ್ಷನ್ ಬಾಕ್ಸ್, ಅರ್ಧ ಕೆಂಪು ನೀರು. ಜಾಯಿಂಟಿಗೆ ಸುತ್ತಿದ್ದ ಟೇಪ್ ಅಂಟು ಬಿಟ್ಟು ಜಾರಿತ್ತು. ತಾಮ್ರ ಹಸಿರುಗಟ್ಟಿ, ಕಪ್ಪು ವೈರೂ ಅರ್ಥ್‌ನ ಹಸಿರು ವೈರೂ ಒಂದಕ್ಕೊಂದು ಒರಗಿದ್ದವು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಕನೆಕ್ಟರ್ ಹಾಕಿ, ಧೂಳು-ನೀರು ತಡೆಯುವ ಐಪಿ65 ಬಾಕ್ಸನ್ನು ನೆಲದಿಂದ ಎರಡಡಿ ಮೇಲೆ ಕೂರಿಸಿದ್ದಾಯಿತು. ವೈರ್ ಒಳಹೋಗುವ ಗ್ಲ್ಯಾಂಡ್ ಕೆಳಮುಖವಾಗಿರಲಿ.

ಕಿರಿಕಿರಿ ಎಂದು ಆರ್‌ಸಿಸಿಬಿಯನ್ನೇ ತೆಗೆಸುವವರಿದ್ದಾರೆ. ದಯವಿಟ್ಟು ಬೇಡ. ಮುರಕಲ್ಲಿನ ನೆಲ ಏಪ್ರಿಲ್-ಮೇಯಲ್ಲಿ ಒಣಗಿದಾಗ ಅರ್ಥ್ ಪಿಟ್ 10 ಓಮ್ ತೋರಿಸಿತು ಎಂದುಕೊಳ್ಳಿ. ಫ್ರಿಜ್ಜಿನ ಬಾಡಿಗೆ ಫೇಸ್ ತಾಗಿದರೆ ಹರಿಯುವುದು 230ನ್ನು 10ರಿಂದ ಭಾಗಿಸಿದಷ್ಟು, 23 ಆಂಪ್. 16 ಆಂಪಿನ ಸಿ ಕರ್ವ್ (ಬೀಳುವ ವೇಗದ ಒಂದು ಬಗೆ) ಎಂಸಿಬಿ ತಟ್ಟನೆ ಬೀಳಲು ಕನಿಷ್ಠ 80 ಆಂಪ್ ಬೇಕು. 23ಕ್ಕೆ ಅದು ಒಂದು ಗಂಟೆ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಅಷ್ಟು ಹೊತ್ತೂ ಫ್ರಿಜ್ಜಿನ ಹಿಡಿಯಲ್ಲಿ ಕರೆಂಟ್. ಅಲ್ಲಿ ಜೀವ ಉಳಿಸುವುದು ಆರ್‌ಸಿಸಿಬಿ ಒಂದೇ.

ಇನ್ನೊಂದು ಮಾತು. ಸಾಕೆಟ್ಟಿನ ಎರಡೂ ತೂತಲ್ಲಿ ಟೆಸ್ಟರ್ ಹೊತ್ತಿದರೆ ಬಹುಮಟ್ಟಿಗೆ ನ್ಯೂಟ್ರಲ್ ಕಡಿದಿದೆ ಎಂದರ್ಥ. ಆಗ ಅರ್ಥ್ ವೈರನ್ನೇ ನ್ಯೂಟ್ರಲ್ ಮಾಡಿ ಫ್ಯಾನ್ ತಿರುಗಿಸುವುದು ಅಪಾಯ: 10 ಓಮ್ ಅರ್ಥ್‌ನಲ್ಲಿ 5 ಆಂಪ್ ಹರಿದರೂ ಮನೆಯ ಎಲ್ಲ ಲೋಹದ ಬಾಡಿಗಳಿಗೆ ಸುಮಾರು 50 ವೋಲ್ಟ್ ಏರುತ್ತದೆ.

ಸಂಜೆ ಎಲ್ಲ ನ್ಯೂಟ್ರಲ್ ವಾಪಸ್ ಬಿಗಿದು, ಲಿಂಕಿನ ತುಕ್ಕು ಹಿಡಿದ ಎರಡು ಸ್ಕ್ರೂ ಬದಲಿಸಿ, ಟಿ (ಟೆಸ್ಟ್) ಬಟನ್ ಒತ್ತಿದಾಗ ಆರ್‌ಸಿಸಿಬಿ ತಟ್ಟನೆ ಬಿತ್ತು. ಮತ್ತೆ ಎತ್ತಿ, ಗೇಟಿನ ದೀಪ ಹಾಕಿದಾಗ ಮಳೆ ಸುರಿಯುತ್ತಲೇ ಇತ್ತು, ಆರ್‌ಸಿಸಿಬಿ ನಿಂತಿತು.